ಸೋದರತ್ವದ ಬಾಗಿಲು

ಸಂಘ ಕಟ್ಟಿಕೊಂಡು ಒಬ್ಬರಿಗೊಬ್ಬರು ನೆರವಾಗುವುದು ಮನುಷ್ಯನ ಬಹು ಹಳೆಯ ಗುಣ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಅಂತಹ ಸಂಘಗಳಿವೆ. ಅವುಗಳ ವಾರ್ಷಿಕ ಸಭೆಯಲ್ಲಿ ಜಮಾಖರ್ಚಿನ ಲೆಕ್ಕ ಓದಿ ಒಪ್ಪಿಗೆ ನೀಡುತ್ತೇವೆ. ಆದರೆ ಸಂಘದೊಳಗೆ ಯಾರಿದ್ದಾರೆ, ಹೊರಗೆ ಯಾರು ಉಳಿದಿದ್ದಾರೆ ಎಂಬ ಲೆಕ್ಕವನ್ನು ಓದುವವರು ವಿರಳ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಇತಿಹಾಸವನ್ನು ಆ ದೃಷ್ಟಿಯಿಂದ ಒಮ್ಮೆ ನೋಡೋಣ.

ಸೋದರತ್ವ ಮತ್ತು ದಾನಕ್ಕೆ ಜಗತ್ತಿನಲ್ಲಿ ಹೆಸರಾದ ಸಂಘಟನೆಗಳಲ್ಲಿ ಫ್ರೀಮೇಸನರಿ ಒಂದು. ಕಲ್ಲುಕುಟಿಗರ ವೃತ್ತಿಸಂಘಗಳಿಂದ ಕೈವಾರ, ಮೂಲೆಮಟ್ಟಗಳ ಸಂಕೇತಗಳನ್ನು ಪಡೆದ ಈ ಸಂಘಟನೆಯ ನಾಲ್ಕು ಲಾಡ್ಜುಗಳು 1717ರಲ್ಲಿ ಲಂಡನ್ನಿನಲ್ಲಿ ಒಂದುಗೂಡಿದವು. ಸಂಕಟದಲ್ಲಿರುವ ಸದಸ್ಯನಿಗೂ ಅವನ ಕುಟುಂಬಕ್ಕೂ ನೆರವಾಗುವುದು ಅವರ ಕಟ್ಟಳೆ. ಸಭೆಯಲ್ಲಿ ಮತದ ವಾದವಾಗಲಿ ರಾಜಕೀಯವಾಗಲಿ ಕೂಡದೆಂಬುದು ಇನ್ನೊಂದು ನಿಯಮ. ಆದರೂ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಮುಂಬಯಿಯ ಪಾರ್ಸಿ ಗೃಹಸ್ಥ ಮಾಣೆಕ್‌ಜಿ ಕರ್ಸೆಟ್‌ಜಿ ಅವರನ್ನು ಅಲ್ಲಿಯ ಆಂಗ್ಲ ಸದಸ್ಯರು ಸೇರಿಸಿಕೊಳ್ಳಲಿಲ್ಲ. ಅವರಿಗೆ ಪ್ರವೇಶ ದೊರೆತದ್ದು ದೂರದ ಪ್ಯಾರಿಸ್ಸಿನಲ್ಲಿ. ಕೊನೆಗೆ 1843ರಲ್ಲಿ ಭಾರತೀಯರಿಗೂ ಸ್ಥಾನ ನೀಡುವ 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಎಂಬ ಲಾಡ್ಜು ಮುಂಬಯಿಯಲ್ಲಿ ಹುಟ್ಟಿತು. ಭಾರತದ ಸ್ವತಂತ್ರ ಮಹಾ ಲಾಡ್ಜು ಸ್ಥಾಪನೆಯಾದದ್ದು 1961ರಲ್ಲಿ.

ಕಥೋಲಿಕ ಧರ್ಮಸಭೆ 1738ರಿಂದಲೇ ತನ್ನ ಮಕ್ಕಳಿಗೆ ಈ ಸಂಘಟನೆಯ ಸದಸ್ಯತ್ವವನ್ನು ನಿಷೇಧಿಸಿದೆ. 1983ರಲ್ಲಿಯೂ 2023ರಲ್ಲಿಯೂ ಅದನ್ನೇ ಪುನಃ ಹೇಳಿದೆ. ಅದರ ತತ್ತ್ವಗಳು ಧರ್ಮಸಭೆಯ ಬೋಧನೆಗೆ ಹೊಂದುವುದಿಲ್ಲವೆಂಬುದು ಕಾರಣ. ಆದರೂ ಮಾಣೆಕ್‌ಜಿಯವರ ಅನುಭವ ಎತ್ತುವ ಪ್ರಶ್ನೆ ಎಲ್ಲ ಸಂಘಗಳಿಗೂ ಅನ್ವಯಿಸುತ್ತದೆ: ಸೋದರನೆಂದು ನಾವು ಕರೆಯುವುದು ಯಾರನ್ನು?

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಯ ಕಾನೂನು, ವ್ಯಾಪಾರ, ಸಾರ್ವಜನಿಕ ಜೀವನದ ಗಾಳಿ ಘಟ್ಟದ ಮೇಲಿನ ಊರುಗಳಿಗೂ ಬೀಸಿತು. ಲಾಡ್ಜುಗಳು ಮಹಾನಗರಗಳಲ್ಲಿಯೂ ದಂಡಿನ ಊರುಗಳಲ್ಲಿಯೂ ಬೆಳೆದವು. ಶಿರಸಿ ಸೀಮೆಯಲ್ಲಿ ಪರಸ್ಪರ ನೆರವು ತಳೆದ ರೂಪ ಬೇರೆ. ಅದು ಅಡಿಕೆಯ ಅಂಗಳದಲ್ಲಿ ಹುಟ್ಟಿತು.

ಆ ಕಾಲದ ಅಡಿಕೆ ಬೆಳೆಗಾರನ ಸ್ಥಿತಿಯನ್ನು ನೆನೆಯಿರಿ. ಮಳೆಗಾಲದ ಖರ್ಚಿಗೆ ದಲ್ಲಾಳಿಯಿಂದ ಮುಂಗಡ ತಂದವನು ಕೊಯ್ಲಾದ ಮೇಲೆ ಅಡಿಕೆಯನ್ನು ಅವನಿಗೇ ಒಪ್ಪಿಸಬೇಕು. ತೂಕವೂ ಅವನದೇ, ದರವೂ ಅವನದೇ. 1904ರ ಸಹಕಾರಿ ಕಾಯಿದೆಯಿಂದ ಸಾಲದ ಸಂಘಗಳಿಗೆ ಅವಕಾಶವಾಯಿತು. ಅದರ ಫಲವಾಗಿ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. 1912ರ ಕಾಯಿದೆ ಮಾರಾಟದ ಸಂಘಗಳಿಗೂ ದಾರಿ ತೆರೆಯಿತು. 1923ರಲ್ಲಿ ಕಡವೆ ಶ್ರೀಪಾದ ಹೆಗಡೆಯವರ ಮುಂದಾಳುತನದಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಜನರ ಬಾಯಲ್ಲಿ ಟಿ.ಎಸ್.ಎಸ್., ಸ್ಥಾಪನೆಯಾಯಿತು. ರಾಶಿ, ಚಾಲಿ, ಬೆಟ್ಟೆ ಎಂದು ವಿಂಗಡಿಸಿದ ಅಡಿಕೆ ಸಂಘದ ಅಂಗಳಕ್ಕೆ ಬರುತ್ತದೆ. ಹಲವು ವ್ಯಾಪಾರಿಗಳು ಪೈಪೋಟಿಯಿಂದ ದರ ನೀಡುತ್ತಾರೆ. ಹೆಚ್ಚಿನ ದರ ಬೆಳೆದವನಿಗೆ ಸಲ್ಲುತ್ತದೆ. ಒಬ್ಬಂಟಿಯಾಗಿ ದಲ್ಲಾಳಿಯ ಮುಂದೆ ಕೈಕಟ್ಟಿ ನಿಂತವನು ನೂರಾರು ಜನರೊಡನೆ ಸೇರಿದಾಗ ತಲೆಯೆತ್ತಿ ಮಾತನಾಡಿದ. ಇದು ಭಿಕ್ಷೆಯಲ್ಲ, ಮಾನವುಳ್ಳ ನೆರವು. ಆದರೆ ಇದು ತೋಟವುಳ್ಳವರ ಸಂಘ. ಕೊನೆಗೊಯ್ಯಲು ಮರವೇರಿದ ಕೂಲಿಗೆ, ಅಡಿಕೆ ಸುಲಿದ ಹೆಂಗಸಿಗೆ ಅಲ್ಲಿ ಪಾಲು ಇರಲಿಲ್ಲ.

ಸಿದ್ದಾಪುರದ ಕಥೆ ಇನ್ನೂ ಕಠಿಣವಾದುದು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳ ರೈತರು ಕರನಿರಾಕರಣೆಯ ಹಾದಿ ಹಿಡಿದರು. 1932ರಲ್ಲಿ ಚಳವಳಿ ಮತ್ತೆ ತೀವ್ರವಾದಾಗ ಸರಕಾರ ಜಮೀನು, ಮನೆ, ದನಕರುಗಳನ್ನು ಜಫ್ತಿ ಮಾಡಿ ಹರಾಜಿಗಿಟ್ಟಿತು. ಗಂಡಸರು ಸೆರೆಮನೆ ಸೇರಿದರು, ಹೆಂಗಸರೂ ಹಿಂಜರಿಯಲಿಲ್ಲ. ಹರಾಜಿನಲ್ಲಿ ನೆರೆಯವನ ಆಸ್ತಿಯನ್ನು ಕೂಗದಿರುವುದೇ ಅಂದಿನ ಸೋದರಧರ್ಮದ ಪರೀಕ್ಷೆಯಾಯಿತು. ಅಗ್ಗದ ಬೆಲೆಗೆ ದೊರೆಯುವ ತೋಟದ ಆಸೆಯನ್ನು ಬಿಡುವುದು ಸುಲಭದ ದಾನವೇ? ಆಸೆಗೆ ಬಿದ್ದು ಕೊಂಡವರೂ ಇದ್ದರು. ಮಾವಿನಗುಂಡಿಯಲ್ಲಿ ಅಂತಹವರ ಮನೆಯ ಮುಂದೆ ಮಹಿಳೆಯರು ಉಪವಾಸ ಕುಳಿತರು. ಬೈಗುಳವಿಲ್ಲ, ಶಾಪವಿಲ್ಲ, ತಮ್ಮ ಹಸಿವಿನಿಂದಲೇ ನೆರೆಯವರ ಅಂತಃಕರಣವನ್ನು ತಟ್ಟಿದರು. ಅವರ ನೆನಪಿನ ಸ್ಮಾರಕ ಅಲ್ಲಿದೆ. 1934ರಲ್ಲಿ ಜಿಲ್ಲೆಗೆ ಬಂದ ಗಾಂಧೀಜಿ ಈ ಕುಟುಂಬಗಳ ತ್ಯಾಗವನ್ನು ಮೆಚ್ಚಿದರು. ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆಯೇ ಕಳೆದುಕೊಂಡ ಜಮೀನುಗಳು ಮರಳಿ ದೊರೆಯುವಂತಾಯಿತು.

ಯಲ್ಲಾಪುರದ ಕಾಡಿನೊಳಗೆ ಕಳೆದುಕೊಳ್ಳಲು ಜಮೀನೇ ಇಲ್ಲದವರಿದ್ದರು. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದವರ ಸಂತತಿಯೂ ಸೇರಿದ ಸಿದ್ದಿ ಜನಾಂಗ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲೂಕುಗಳ ಕಾಡಂಚಿನಲ್ಲಿ ನೆಲೆಸಿತು. ತಲೆಮಾರುಗಳ ಕಾಲ ಅನೇಕರು ಅನ್ಯರ ತೋಟಗಳಲ್ಲಿ ದುಡಿದರು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಆದರೂ ಯಲ್ಲಾಪುರ ತಾಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸನ ಹೆಸರಿನಲ್ಲಿ ಮೂರು ಧರ್ಮದ ಸಿದ್ದಿಗಳೂ ಕೂಡುತ್ತಾರೆ. ಮಹಾನಗರದ ಲಾಡ್ಜು ಮತದ ಮಾತು ಬೇಡವೆಂದು ಕಟ್ಟಳೆ ಮಾಡಿ ಒಗ್ಗಟ್ಟನ್ನು ಕಾಯ್ದುಕೊಂಡಿತು. ಈ ಬಡವರು ತಂತಮ್ಮ ಧರ್ಮವನ್ನು ಇಟ್ಟುಕೊಂಡೇ ಹಿರಿಯರ ನೆನಪಿನಲ್ಲಿ ಒಂದಾದರು. 1984ರಲ್ಲಿ ಮೂರು ಧರ್ಮದವರನ್ನೂ ಕೂಡಿಸಿಕೊಂಡು ಅಖಿಲ ಕರ್ನಾಟಕ ಸಿದ್ದಿ ಅಭಿವೃದ್ಧಿ ಸಂಘ ರಚನೆಯಾಯಿತು. ಭೂಮಿ, ಶಿಕ್ಷಣ, ಮಾನ ಅದರ ಬೇಡಿಕೆಗಳು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಒಂದು ಕಾಲದಲ್ಲಿ ಎಲ್ಲ ಬಾಗಿಲುಗಳ ಹೊರಗಿದ್ದವರು ತಾವೇ ಒಂದು ಬಾಗಿಲನ್ನು ನಿರ್ಮಿಸಿಕೊಂಡರು.

ಈ ಮೂರು ತಾಲೂಕುಗಳ ಕಥೆಯನ್ನು ಜೊತೆಗಿಟ್ಟು ನೋಡಿದರೆ ನಮಗೊಂದು ಅಳತೆಗೋಲು ದೊರೆಯುತ್ತದೆ. ಶಿರಸಿಯ ಸಹಕಾರಿಗಳು ಸಮಾನರ ನಡುವಿನ ನೆರವನ್ನು ಕಲಿಸಿದರು. ಮಾವಿನಗುಂಡಿಯ ತಾಯಂದಿರು ನೆರವಿಗೆ ಬೆಲೆ ತೆರಬೇಕೆಂದು ತೋರಿಸಿದರು. ಸಿದ್ದಿಗಳು ನಮ್ಮ ಎಣಿಕೆಯಿಂದ ತಪ್ಪಿಹೋದವರೂ ಸೋದರರೇ ಎಂದು ನೆನಪಿಸಿದರು.

1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝನಾಮ್ ಎಂಬ ತರುಣ ವಿದ್ಯಾರ್ಥಿ ಗೆಳೆಯರೊಡನೆ ಸೇರಿ ಆರಂಭಿಸಿದ, ಸಂತ ವಿನ್ಸೆಂಟ್ ದೆ ಪೌಲರ ಹೆಸರಿನ ಸಂಘದ ಮುಖ್ಯ ಕಾರ್ಯ ಬಡವರ ಮನೆಗೇ ಹೋಗಿ ಅವರನ್ನು ಕಾಣುವುದಾಗಿತ್ತು. ಬಾಗಿಲು ತೆರೆದು ಕಾಯುವುದಕ್ಕಿಂತ ಹೊಸ್ತಿಲು ದಾಟಿ ಹೋಗುವುದು ದೊಡ್ಡದೆಂದು ಅವರು ತಿಳಿದಿದ್ದರು. ಓದುಗರೇ, ಮುಂದಿನ ಬಾರಿ ನಿಮ್ಮ ಸಂಘದ ಸಭೆಯಲ್ಲಿ ಲೆಕ್ಕ ಓದಿ ಮುಗಿದ ಮೇಲೆ, ಈ ವರ್ಷ ನಾವು ಯಾರ ಮನೆಗೆ ಹೋಗಲಿಲ್ಲ ಎಂದು ಒಬ್ಬರಾದರೂ ಎದ್ದು ಕೇಳಬಾರದೇಕೆ?