ಆಕಾಶದಲ್ಲಿ ನಮ್ಮದೂ ಒಂದು ಗಡಿಯಾರ

ನಮ್ಮ ಆಲಂಕಾರಿನಲ್ಲಿ ಮನೆ ಹುಡುಕೋದು ಸುಲಭ. ಪೇಟೆಯಲ್ಲಿ ಯಾರನ್ನಾದರೂ ಕೇಳಿದರೆ ಸಾಕು. ಬೆಂಗಳೂರಿನಲ್ಲಿ ಹಾಗಲ್ಲ. ಆಂಬುಲೆನ್ಸ್ ಚಾಲಕನಿಗೂ ಮೊಬೈಲ್ ಮ್ಯಾಪೇ ಗತಿ. ಆ ಮ್ಯಾಪ್ ಕೆಲವೊಮ್ಮೆ ಪಕ್ಕದ ರಸ್ತೆ ತೋರಿಸುತ್ತೆ. ಯಾಕೆ ಗೊತ್ತಾ? ಉಪಗ್ರಹದ ಸಿಗ್ನಲ್ ಎತ್ತರದ ಕಟ್ಟಡಗಳಿಗೆ ಬಡಿದು ಸುತ್ತಿಬಳಸಿ ಬರುತ್ತೆ. ಇಂಜಿನಿಯರಿಂಗ್‌ನಲ್ಲಿ ಕಲಿತ ಲೆಕ್ಕ ಇದು: ಸೆಕೆಂಡಿನ ಕೋಟಿಯಲ್ಲೊಂದು ಪಾಲು ತಡವಾದರೆ 30 ಮೀಟರ್ ವ್ಯತ್ಯಾಸ.

ಈಗ ಇತಿಹಾಸ ನೋಡಿ. 2000ದ ಮೇ ತಿಂಗಳವರೆಗೆ ಅಮೆರಿಕ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್‌ನ ನಿಖರತೆಯನ್ನು ಬೇಕೆಂದೇ ಕಡಿಮೆ ಮಾಡಿತ್ತು. ಕೀಲಿ ಅವರ ಕೈಯಲ್ಲಿತ್ತು. ನಮ್ಮ ಇಸ್ರೋ 2013ರ ಜುಲೈ 1ರಂದು ಈ ಸಾಲಿನ ಮೊದಲ ಉಪಗ್ರಹ ಹಾರಿಸಿತು. ಅದರ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. 2016ರಲ್ಲಿ ಏಳನೆಯದು ಏರಿದಾಗ 'ನಾವಿಕ್' ಎಂಬ ಹೆಸರು ಬಂತು. ಆಮೇಲೆ ವಿದೇಶದಿಂದ ತರಿಸಿದ ಪರಮಾಣು ಗಡಿಯಾರಗಳು ಕೈಕೊಟ್ಟವು. 2023ರಲ್ಲಿ ಎನ್‌ವಿಎಸ್-01 ಜೊತೆ ನಾವೇ ಮಾಡಿದ ಗಡಿಯಾರ ಹೋಯಿತು, ಮೊಬೈಲ್‌ಗಳಿಗೆ ಒಗ್ಗುವ ಎಲ್1 ಸಿಗ್ನಲ್ ಕೂಡ ಬಂತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಮಾತ್ರ ತನ್ನ ಕಕ್ಷೆ ತಲುಪಲಿಲ್ಲ.

ನಾವಿಕ್ ಒಂದೇ ಎಲ್ಲವನ್ನೂ ಸರಿಮಾಡಲ್ಲ. ಆದರೆ ಕಟ್ಟಡಗಳ ನಡುವೆ ಕಾಣೋದು ತುಂಡು ಆಕಾಶ. ಅಲ್ಲಿ ಜಿಪಿಎಸ್ ಜೊತೆ ನಮ್ಮ ಉಪಗ್ರಹಗಳೂ ಸಿಕ್ಕರೆ ದಾರಿ ತಪ್ಪೋದು ಕಡಿಮೆಯಾಗುತ್ತೆ. 30 ಮೀಟರ್ ಅಂದರೆ ಡಿವೈಡರ್‌ನ ಆಚೆಬದಿ. ಆಂಬುಲೆನ್ಸ್‌ಗೆ ಕಾಯುತ್ತಿರುವವರಿಗೆ ಅದು ಸಣ್ಣ ದೂರವಲ್ಲ.