‘ಮಿನ್‌ಜು’: ಒಂದು ಸಮಾಸದ ಚರಿತ್ರೆ

ಚೀನೀ ಭಾಷೆಯಲ್ಲಿ ಪ್ರಜಾಪ್ರಭುತ್ವವನ್ನು ಸೂಚಿಸುವ ‘ಮಿನ್‌ಜು’ ಎಂಬ ಪದವು ಹೊಸದಾಗಿ ಹುಟ್ಟಿದುದಲ್ಲ. ಪ್ರಾಚೀನ ‘ಶೂಜಿಂಗ್’ ಗ್ರಂಥದಲ್ಲಿ ಅದಕ್ಕೆ ‘ಜನರ ಒಡೆಯ’, ಎಂದರೆ ಅರಸ, ಎಂಬುದೇ ಅರ್ಥ. 1864ರಲ್ಲಿ ಪ್ರಕಟವಾದ, ಅಂತಾರಾಷ್ಟ್ರೀಯ ಕಾನೂನನ್ನು ಕುರಿತ ಅನುವಾದವೊಂದರಲ್ಲಿ ಅದು ಜನರೇ ಒಡೆಯರಾದ ವ್ಯವಸ್ಥೆಗೆ ಸಂದಿತು. ನಮ್ಮ ‘ಪ್ರಜಾಪ್ರಭುತ್ವ’ದಲ್ಲಿಯೂ ಪ್ರಜೆ, ಪ್ರಭು ಎಂಬ ಅಂಗಗಳೇ ಇವೆ, ಸಮಾಸವನ್ನು ಬಿಡಿಸುವ ಬಗೆಯೇ ವಿವಾದದ ಮೂಲ.

ಅರಸನಿಗಿಂತ ಜನರೇ ಮಿಗಿಲೆಂದ ಮೆನ್ಸಿಯಸ್‌ನಲ್ಲಿ ಪ್ರಜಾಪ್ರಭುತ್ವದ ಬೀಜವನ್ನು ಕಂಡವರುಂಟು. ಆದರೆ ಅದು ಅರಸನಿಗೆ ಹೇಳಿದ ಬುದ್ಧಿಮಾತು. ಆಳುವವನನ್ನು ಆರಿಸುವ ಅಧಿಕಾರವನ್ನು ಜನರಿಗೆ ಕೊಡುವುದಿಲ್ಲ. 1903ರಲ್ಲಿ ಅಮೆರಿಕವನ್ನು ಸುತ್ತಿಬಂದ ಲಿಯಾಂಗ್ ಚಿಚಾವೊ, ತಮ್ಮ ಜನ ಗಣರಾಜ್ಯಕ್ಕೆ ಇನ್ನೂ ಸಿದ್ಧರಿಲ್ಲವೆಂದು ನಿರ್ಣಯಿಸಿದರು. 1919ರಲ್ಲಿ ಚೆನ್ ದುಷಿಯು, ಚೀನವನ್ನು ಉದ್ಧರಿಸಬಲ್ಲವರು ‘ಶ್ರೀಮಾನ್ ಪ್ರಜಾಪ್ರಭುತ್ವ’ ಮತ್ತು ‘ಶ್ರೀಮಾನ್ ವಿಜ್ಞಾನ’ ಇಬ್ಬರೇ ಎಂದು ಸಾರಿದರು. 1921ರಲ್ಲಿ ಕಮ್ಯೂನಿಸ್ಟ್ ಪಕ್ಷವನ್ನು ಸ್ಥಾಪಿಸಿದವರಲ್ಲಿ ಪ್ರಮುಖರಾದ ಅವರು 1929ರಲ್ಲಿ ಅದರಿಂದ ಉಚ್ಚಾಟಿತರಾದರು. 1942ರಲ್ಲಿ ತೀರಿಕೊಳ್ಳುವ ಮೊದಲು, ವಿರೋಧಪಕ್ಷಗಳಿಗೆ ಸ್ವಾತಂತ್ರ್ಯವಿಲ್ಲದ ಕಡೆ ಕಾರ್ಮಿಕರ ಪ್ರಜಾಪ್ರಭುತ್ವವೂ ಪೊಳ್ಳೆಂಬ ನಿಲುವಿಗೆ ಬಂದಿದ್ದರು.

1978ರಲ್ಲಿ ಪ್ರಜಾಪ್ರಭುತ್ವವನ್ನು ‘ಐದನೆಯ ಆಧುನೀಕರಣ’ವೆಂದು ಭಿತ್ತಿಪತ್ರದಲ್ಲಿ ಬರೆದ ವೇಯ್ ಜಿಂಗ್‌ಶೆಂಗ್ ಮರುವರ್ಷ ಸೆರೆಮನೆ ಸೇರಿದರು. 2008ರ ಸನ್ನದಿನ ರಚನೆಯಲ್ಲಿ ಪಾಲ್ಗೊಂಡ ಲಿಯು ಷಿಯಾವೊಬೊ, 11 ವರ್ಷಗಳ ಶಿಕ್ಷೆ ಮುಗಿಯುವ ಮುನ್ನವೇ 2017ರಲ್ಲಿ ನಿಧನರಾದರು.

ಇಂದು ಆಳುವ ಪಕ್ಷವೂ ಬಳಸುವುದು ಇದೇ ಪದವನ್ನೇ. ಜನರು ಒಡೆಯರೋ, ಜನರಿಗೆ ಒಡೆಯನೋ ಎಂಬ ವಿಗ್ರಹವಾಕ್ಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.