“ಎಷ್ಟನೇ ಸ್ಟ್ಯಾಂಡರ್ಡ್?” ಹಳ್ಳಿ ಶಾಲೆ ಮತ್ತು ಸರ್ಕಾರದ ಲೆಕ್ಕ

ಪುಣೆ, ಮುಂಬೈ ಕಡೆ ಯಾವುದೇ ಕನ್ನಡದ ಮಗುವನ್ನ ಮಾತಾಡಿಸಿ ನೋಡಿ. ಹೆಸರು ಕೇಳಿದ ಮೇಲೆ ನಾವು ಕೇಳೋ ಎರಡನೇ ಪ್ರಶ್ನೆ, “ಎಷ್ಟನೇ ಸ್ಟ್ಯಾಂಡರ್ಡ್?” ತರಗತಿಗೆ ಈ ಹೆಸರು ಯಾಕೆ ಬಂತು ಅಂತ ಹುಡುಕಿಕೊಂಡು ಹೋದ್ರೆ ಸಿಗೋದು ಪಾಠದ ಕಥೆ ಅಲ್ಲ, ದುಡ್ಡಿನ ಕಥೆ. ಆ ಕಥೆಯಲ್ಲಿ ಹೆಚ್ಚು ಪೆಟ್ಟು ತಿಂದದ್ದು ಹಳ್ಳಿ ಶಾಲೆಗಳು.

ಮೊದಲು ಇಂಗ್ಲೆಂಡಿಗೆ ಹೋಗೋಣ. ಅಲ್ಲಿನ ಪಾರ್ಲಿಮೆಂಟು ಶಾಲೆಗಳಿಗೆ ಮೊದಲ ಸಲ ಹಣ ಕೊಟ್ಟಿದ್ದು 1833ರಲ್ಲಿ, 20,000 ಪೌಂಡು. 1861ರ ಹೊತ್ತಿಗೆ ಅದು 8 ಲಕ್ಷ ಪೌಂಡ್ ದಾಟಿತ್ತು. ಇಷ್ಟು ದುಡ್ಡು ಹೋಗ್ತಿದೆ, ಮಕ್ಕಳು ಏನು ಕಲಿತಿದಾರೆ? ಈ ಪ್ರಶ್ನೆ ತಪ್ಪಲ್ಲ. ಆಗ ತನಿಖೆ ಮಾಡಿದ ನ್ಯೂಕ್ಯಾಸಲ್ ಆಯೋಗವೂ, ಮಾಸ್ತರರು ದೊಡ್ಡ ಮಕ್ಕಳ ಮೇಲಷ್ಟೇ ಗಮನ ಕೊಟ್ಟು ಚಿಕ್ಕವರನ್ನ ಬಿಟ್ಟುಬಿಡ್ತಾರೆ ಅಂತ ವರದಿ ಕೊಟ್ಟಿತ್ತು.

ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ 1862ರಲ್ಲಿ ಹೊಸ ನಿಯಮ ತಂದರು, ಹೆಸರು ರಿವೈಸ್ಡ್ ಕೋಡ್. ಓದು, ಬರಹ, ಲೆಕ್ಕ, ಮೂರೇ ವಿಷಯ. ಕಷ್ಟದ ಮಟ್ಟಕ್ಕೆ ತಕ್ಕಂತೆ ಆರು ‘ಸ್ಟ್ಯಾಂಡರ್ಡ್’. ಮೊದಲನೆಯದರಲ್ಲಿ ಚಿಕ್ಕಚಿಕ್ಕ ಪದಗಳ ಕಥೆ ಓದಬೇಕು, ಆರನೆಯದರಲ್ಲಿ ಪತ್ರಿಕೆಯ ಒಂದು ಪ್ಯಾರಾ ಓದಬೇಕು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬಂದು ಒಂದೊಂದು ಮಗುವನ್ನೂ ಪರೀಕ್ಷೆ ಮಾಡ್ತಾರೆ. ಹಾಜರಾತಿಗೆ ಮಗುವಿಗೆ 4 ಶಿಲ್ಲಿಂಗ್, ಪರೀಕ್ಷೆ ಪಾಸಾದರೆ 8 ಶಿಲ್ಲಿಂಗ್. ಒಂದು ವಿಷಯ ಹೋಯ್ತು ಅಂದ್ರೆ 2 ಶಿಲ್ಲಿಂಗ್ 8 ಪೆನ್ಸ್ ಕಡಿತ. ಈ ವ್ಯವಸ್ಥೆ ಅಗ್ಗವಾಗಿರದಿದ್ದರೆ ಪರಿಣಾಮಕಾರಿ ಆಗಿರುತ್ತೆ, ಪರಿಣಾಮಕಾರಿ ಆಗಿರದಿದ್ದರೆ ಅಗ್ಗ ಆಗಿರುತ್ತೆ ಅಂತ ಲೋ ಪಾರ್ಲಿಮೆಂಟಿನಲ್ಲಿ ಹೇಳಿದರು. 1865ರ ಹೊತ್ತಿಗೆ ಅನುದಾನ ಸುಮಾರು 6 ಲಕ್ಷ 36 ಸಾವಿರ ಪೌಂಡಿಗೆ ಇಳಿಯಿತು. ಅಗ್ಗವಂತೂ ಆಯ್ತು.

ಈಗ ಹಳ್ಳಿಗೆ ಬರೋಣ. ಪರೀಕ್ಷೆಗೆ ಕೂರೋ ಮಗು ವರ್ಷದಲ್ಲಿ 200ಕ್ಕಿಂತ ಹೆಚ್ಚು ಹೊತ್ತು ಶಾಲೆಗೆ ಬಂದಿರಬೇಕು. ಬೆಳಗ್ಗೆ ಒಂದು ಹೊತ್ತು, ಮಧ್ಯಾಹ್ನ ಒಂದು ಹೊತ್ತು. ಆದ್ರೆ ಸುಗ್ಗಿ ಬಂತು ಅಂದ್ರೆ ಮಕ್ಕಳು ಹೊಲದಲ್ಲಿ. ಹಕ್ಕಿ ಓಡಿಸೋದು, ಕಲ್ಲು ಆರಿಸೋದು, ಆಲೂಗಡ್ಡೆ ಕೀಳೋದು. ಅದೇ ಕೋಡ್ ಪ್ರಕಾರ ಮುಖ್ಯೋಪಾಧ್ಯಾಯರು ಬರೀಬೇಕಾಗಿದ್ದ ದಿನಚರಿ ಪುಸ್ತಕಗಳಲ್ಲಿ ಇಂಥ ಗೈರುಹಾಜರಿಯ ದಾಖಲೆ ಮತ್ತೆ ಮತ್ತೆ ಸಿಗುತ್ತೆ. ಇನ್ನೊಂದು ಷರತ್ತೂ ಇತ್ತು: ಸರ್ಟಿಫಿಕೇಟ್ ಪಡೆದ ಮಾಸ್ತರರು ಇರಲೇಬೇಕು. ಅಂಥವರಿಗೆ ಸಂಬಳ ಕೊಡೋ ಶಕ್ತಿ ಇಲ್ಲದ ಬಡ ಹಳ್ಳಿ ಈ ಲೆಕ್ಕದ ಒಳಗೇ ಬರಲಿಲ್ಲ.

ನಾನು ಸಾಫ್ಟ್‌ವೇರ್‌ನವನು, ಅಂಕಿ ಕಂಡರೆ ಲೆಕ್ಕ ಹಾಕದೆ ಇರೋಕಾಗಲ್ಲ. ಎರಡು ಶಾಲೆ ಅಂದ್ಕೊಳ್ಳಿ: ಪಟ್ಟಣದ್ದು 200 ಮಕ್ಕಳದು, ಹಳ್ಳಿಯದು 30 ಮಕ್ಕಳದು. ಪೂರ್ತಿ ಅನುದಾನ ಬಂದರೆ ಪಟ್ಟಣದ ಶಾಲೆಗೆ 120 ಪೌಂಡ್, ಹಳ್ಳಿ ಶಾಲೆಗೆ 18 ಪೌಂಡ್. ಪರೀಕ್ಷೆಯ ದಿನ ಎರಡೂ ಕಡೆ 6 ಮಕ್ಕಳಿಗೆ ಜ್ವರ. ಇಬ್ಬರಿಗೂ 48 ಶಿಲ್ಲಿಂಗ್ ನಷ್ಟ. ಪಟ್ಟಣಕ್ಕೆ ಅದು 2%, ಹಳ್ಳಿಗೆ 13%ಕ್ಕೂ ಜಾಸ್ತಿ. ಮಾಸ್ತರರ ಸಂಬಳ, ಸೌದೆ, ಸ್ಲೇಟಿನ ಖರ್ಚು ಜ್ವರ ಬಂತು ಅಂತ ಕಡಿಮೆ ಆಗಲ್ಲವಲ್ಲ. ನಿಯಮ ಎಲ್ಲರಿಗೂ ಒಂದೇ, ಏಟು ಮಾತ್ರ ಒಂದೇ ಅಲ್ಲ.

ಕಲಿಕೆಯಾದ್ರೂ ಹೆಚ್ಚಿತಾ? ಕವಿ ಮ್ಯಾಥ್ಯೂ ಆರ್ನಾಲ್ಡ್ ಹೊಟ್ಟೆಪಾಡಿಗೆ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ಜಾಣತನದಿಂದ ತಯಾರಿ ಮಾಡಿಸಿದರೆ ಓದು, ಬರಹ, ಲೆಕ್ಕ ನಿಜವಾಗಿ ಬರದ ಮಕ್ಕಳನ್ನೂ ಈ ಪರೀಕ್ಷೆ ದಾಟಿಸಬಹುದು ಅಂತ 1867ರ ವರದಿಯಲ್ಲೇ ಅವರು ಬರೆದರು. ಪುಸ್ತಕ ಪೂರ್ತಿ ಬಾಯಿಪಾಠ, ಇತಿಹಾಸ ಭೂಗೋಳ ಮೂಲೆಗೆ. 1890ರ ದಶಕದಲ್ಲಿ ಇಂಗ್ಲೆಂಡ್ ಈ ಪದ್ಧತಿ ಕೈಬಿಟ್ಟಿತು.

ಅಷ್ಟರಲ್ಲಿ ಅದು ನಮ್ಮ ಕಡೆ ಬಂದಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಆಗ ಮುಂಬೈ ಪ್ರಾಂತ್ಯ, ಅದರ ಶಿಕ್ಷಣ ಇಲಾಖೆಯ ಮುಖ್ಯ ಕಚೇರಿ ಈ ಪುಣೆಯಲ್ಲೇ. ಖಾಸಗಿ ಶಾಲೆಗಳಿಗೆ ಫಲಿತಾಂಶ ನೋಡಿ ಅನುದಾನ ಕೊಡೋದು ಮುಂಬೈ ಪ್ರಾಂತ್ಯದ ಪದ್ಧತಿ ಅಂತಲೇ 1882ರ ಹಂಟರ್ ಆಯೋಗದ ಕಾಲಕ್ಕೆ ಗುರುತಾಗಿತ್ತು. ಕಾಲೇಜುಗಳಿಗೆ ಇದು ಬೇಡ ಅಂದ ಆಯೋಗ, ಗಾಂವಠಿ ಶಾಲೆಗಳಿಗೆ ಮಾತ್ರ ಇದನ್ನೇ ಶಿಫಾರಸು ಮಾಡಿತು. ಅಂದ್ರೆ ಯಾರ ಹತ್ತಿರ ಕೂಡಿಟ್ಟ ದುಡ್ಡಿಲ್ಲವೋ ಅವರ ಮೇಲೇ ಷರತ್ತು. ಮಳೆ ಬಂದಾಗ ಬಿತ್ತನೆಗೆ ಮಕ್ಕಳನ್ನ ಕರ್ಕೊಂಡು ಹೋಗೋ ಊರುಗಳಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕೊನೆಗೆ 1904ರಲ್ಲಿ, ಕರ್ಜನ್ ಕಾಲದ ಶಿಕ್ಷಣ ನೀತಿಯಲ್ಲಿ ಸರ್ಕಾರವೇ ಈ ಪದ್ಧತಿಯನ್ನ ತಿರಸ್ಕರಿಸಿತು.

ಹಾಗಂತ ತಪಾಸಣೆಯೇ ಬೇಡವಾಗಿತ್ತು ಅಂತ ನಾನು ಹೇಳಲ್ಲ. ಅದೇ ಇಲಾಖೆಯಲ್ಲಿ ಡೆಪ್ಯೂಟಿ ಇನ್‌ಸ್ಪೆಕ್ಟರ್ ಆಗಿದ್ದವರು ಚೆನ್ನಬಸಪ್ಪನವರು. ಮರಾಠಿಯೇ ತುಂಬಿಕೊಂಡಿದ್ದ ಕಡೆ ಕನ್ನಡ ಶಾಲೆಗಳು ಬೇರೂರೋಕೆ ದುಡಿದವರು. ಹುದ್ದೆಯೇ ಹೆಸರಾಗಿ, ಜನ ಇವತ್ತಿಗೂ ಅವರನ್ನ ಡೆಪ್ಯೂಟಿ ಚೆನ್ನಬಸಪ್ಪ ಅಂತಲೇ ನೆನೀತಾರೆ. ಇನ್‌ಸ್ಪೆಕ್ಟರ್ ಏನು ಕೊರತೆ ಇದೆ ಅಂತ ಕೇಳೋಕೆ ಬರಬಹುದು, ಎಷ್ಟು ಕಡಿತ ಮಾಡಲಿ ಅಂತ ನೋಡೋಕೂ ಬರಬಹುದು. ಎರಡಕ್ಕೂ ವ್ಯತ್ಯಾಸ ಇದೆ.

ಇವತ್ತು ನಾವು ಶಿಲ್ಲಿಂಗ್ ಕಡಿಯಲ್ಲ, ರ‍್ಯಾಂಕ್ ಕೊಡ್ತೀವಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ರಾಜ್ಯದ ಫಲಿತಾಂಶ 83.89%ರಿಂದ 73.40%ಕ್ಕೆ ಇಳಿಯಿತು. ಉಡುಪಿ 94%, ಯಾದಗಿರಿ 50.59%. ನಕಲು ನಿಲ್ಲಿಸಿದ್ದು ಸರಿಯೇ. ಅಂಕಿ ನಿಜ ಹೇಳಿತು ಅಂತಲೇ ಇಟ್ಟುಕೊಳ್ಳೋಣ. ಆದ್ರೆ ನಿಜ ಗೊತ್ತಾದ ಮೇಲೆ ಯಾದಗಿರಿಗೆ ಏನು ಕಳಿಸಿದ್ವಿ, ಮಾಸ್ತರರನ್ನೋ ನೋಟಿಸನ್ನೋ? ಮುಂದಿನ ಸಲ ಜಿಲ್ಲಾವಾರು ಪಟ್ಟಿ ನಿಮ್ಮ ವಾಟ್ಸಾಪ್‌ಗೆ ಬಂದಾಗ ಕೊನೆಯ ಹೆಸರು ನೋಡಿ ನಗಬೇಡಿ. ಅಲ್ಲಿ ಎಷ್ಟು ಹುದ್ದೆ ಖಾಲಿ ಇದೆ, ಎಷ್ಟು ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋಗಿದ್ರು ಅಂತ ಕೇಳಿ. ಆ ಗುಳೆ ಬಂದ ಮಕ್ಕಳಲ್ಲಿ ಕೆಲವರು ನಾವಿರೋ ಅಪಾರ್ಟ್‌ಮೆಂಟಿನ ಪಕ್ಕದ ಕಟ್ಟಡದ ಕೆಲಸದ ಜಾಗದಲ್ಲೇ ಇರಬಹುದು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.